ಮೂರು ಬಟ್ಟಲು ಸಾಲ್ಸಾ, ನಾಲ್ಕು ಊರಿನ ನಾಲಿಗೆ

ಊರಲ್ಲಿ ಎಷ್ಟೋ ಜನ ಇದಾರೆ, ಅವರಿಗೆಲ್ಲ ಏನೂ ಆಗಲ್ಲ. ಆಗೋದೆಲ್ಲ ನನಗೇ. ಬಿಡದಿ ಕಡೆ ಬಾಟ್ಲಿ ತಿನಿಸು ಮಾಡೋ ಒಂದು ಕಂಪನಿಯಲ್ಲಿ ನನ್ನದು ಕಾಂಟ್ರಾಕ್ಟ್ ಕೆಲಸ. ಹೊಸ ಸಾಮಾನು ಅಂಗಡಿಗೆ ಹೋಗೋ ಮುಂಚೆ ನಾಲ್ಕು ಜನಕ್ಕೆ ತಿನ್ನಿಸಿ, ಹೇಗಿದೆ ಅಂತ ಕೇಳಿ, ಫಾರಂ ತುಂಬಿಸಿಕೊಂಡು ಬರಬೇಕು. ಕೇಳೋಕೆ ಎಷ್ಟು ಸುಲಭ ನೋಡಿ!

ಈ ಸಲ ಬಂದದ್ದು ಸಾಲ್ಸಾ. ಟೊಮ್ಯಾಟೊ, ಈರುಳ್ಳಿ, ಹಸಿಮೆಣಸಿನಕಾಯಿ ಕೊಚ್ಚಿ, ಹುಳಿ ಬೆರೆಸಿ ಬಾಟ್ಲಿಗೆ ತುಂಬಿದ ಕೆಂಪು ಚಟ್ನಿ. ಚಿಪ್ಸ್ ಅದ್ದಿಕೊಂಡು ತಿನ್ನೋದು. ಅಂಗಡಿಯಲ್ಲಿ ಸಿಗೋ ಬೇರೆಯವರದು ಎರಡು, ನಮ್ಮದೊಂದು. ಮೂರನ್ನೂ ಬಟ್ಟಲಿಗೆ ಸುರಿದು ಎ, ಬಿ, ಸಿ ಅಂತ ಚೀಟಿ ಅಂಟಿಸಬೇಕು. ಯಾವುದು ಯಾರದು ಅಂತ ಬಾಯಿ ಬಿಡಬಾರದು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್, ಕೆಳಗೆ ಕಾರಣ. ಮೂರಕ್ಕೂ ಒಂದೇ ಮಾರ್ಕ್ಸ್ ಹಾಕಿದ್ದರೆ ಆ ಫಾರಂ ರದ್ದಿಗೆ.

"ನಾಲ್ಕು ಊರಿನ ಫಾರಂ ಸರಿಯಾಗಿ ತನ್ನಿ, ರುಚಿ ನೋಡೋ ವಿಭಾಗದಲ್ಲಿ ನಿಮ್ಮ ಕೆಲಸ ಪರ್ಮನೆಂಟ್. ಇಲ್ಲಾಂದ್ರೆ ಕಾಂಟ್ರಾಕ್ಟ್ ಇಲ್ಲಿಗೇ ಮುಗಿಸೋಣ" ಅಂದರು ನಮ್ಮ ಸಾಹೇಬರು, ಹಿಂದಿಯಲ್ಲಿ. ಎರಡು ವರ್ಷದಿಂದ ಆ ಮಾತಿಗೇ ಕಾಯ್ತಿದ್ದವಳು ನಾನು. ಕುಣ್ಕೊಂಡು ಹೊರಟೆ. ದಡ್ಡಿ!

೧. ರಾಮನಗರ

ಮೊದಲ ದಿನ ರಾಮನಗರದ ಒಂದು ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ನಿಂತೆ. ಅರ್ಧ ಗಂಟೆಯಲ್ಲಿ ಚಿಪ್ಸ್ ಖಾಲಿ. ಬಟ್ಟಲು ಮುಟ್ಟಿದವರು ಯಾರೂ ಇಲ್ಲ, ಬರೀ ಚಿಪ್ಸ್ ತಿಂದು ಹೋದರು. ಸರಿ, ಚಮಚದಲ್ಲೇ ಕೊಡೋಣ ಅಂತ ತೀರ್ಮಾನ ಮಾಡಿದೆ.

ಹಣೆ ಮೇಲೆ ವಿಭೂತಿ ಇಟ್ಟುಕೊಂಡ ಒಬ್ಬ ತಾತ ಬಂದರು. "ಒಂದು ಸ್ವಲ್ಪ ರುಚಿ ನೋಡಿ ತಾತ" ಅಂತ ಚಮಚ ಮುಂದೆ ಹಿಡಿದೆ. ಚಮಚ ಈಸ್ಕೋತಾರೆ ಅಂದುಕೊಂಡಿದ್ದೆ. ಅವರು ಚಪ್ಪಲಿ ಬಿಟ್ಟರು. ಬಲಗೈ ಗುಳಿ ಮಾಡಿ, ಎಡಗೈ ಅದರ ಕೆಳಗೆ ಕೊಟ್ಟು, ಬಗ್ಗಿ ನಿಂತರು. ಏನು ಮಾಡಲಿ, ಹಾಕಿದೆ. ಸುರ್ ಅಂತ ಹೀರಿ ಕೈಯನ್ನ ತಲೆಗೆ ಒರೆಸಿಕೊಂಡರು. ಪೂರ್ತಿ ಬೋಳು ತಲೆ. ನಾನು ಬಾಯಿ ಬಿಡೋದರೊಳಗೆ ಮತ್ತೆ ಕೈ ಚಾಚಿದರು. ಬಿ ಹಾಕಿದೆ. ಮತ್ತೆ ತಲೆಗೆ. ಸಿ ಹಾಕಿದೆ. ಅದೂ ತಲೆಗೆ. ಮೂರು ಸಲ ಆಯಿತಲ್ಲ, ಅವರ ಲೆಕ್ಕಕ್ಕೆ ಸರಿಹೋಯಿತು.

ಹಿಂದೆ ನಿಂತಿದ್ದವರು ನೋಡಿದರು. ದೊಡ್ಡವರು ಮಾಡಿದ ಮೇಲೆ ಹಾಗೇ ಇರಬೇಕು ಅಂತ ಒಬ್ಬೊಬ್ಬರಾಗಿ ಚಪ್ಪಲಿ ಬಿಡೋಕೆ ಶುರು ಮಾಡಿದರು. "ಅಯ್ಯೋ, ಇದು ಚಟ್ನಿ ಕಣ್ರೀ, ತಲೆಗೆ ಹಚ್ಕೋಬೇಡಿ!" ಅಂತ ಕೂಗಿಕೊಂಡೆ. ಕೇಳೋರು ಯಾರು? ಅಷ್ಟೊತ್ತಿಗೆ ತಾತನ ಬೋಳು ಮಂಡೆ ಉರಿಯೋಕೆ ಹಿಡಿದು, ಅವರು ಅಂಗಡಿಯವರ ಫ್ರಿಜ್ಜಿಗೆ ತಲೆ ಕೊಟ್ಟು ನಿಂತಿದ್ದರು.

ಅಲ್ಲಿಗೇ ಫಾರಂ ತಗೊಂಡು ಹೋಗಿ, "ತಾತ, ಮಾರ್ಕ್ಸು?" ಅಂದೆ. ಫ್ರಿಜ್ಜಿನ ಒಳಗಿಂದ ಗದರಿಸಿದರು: "ತೀರ್ಥಕ್ಕೆ ಯಾರಾದ್ರೂ ಮಾರ್ಕ್ಸ್ ಹಾಕ್ತಾರೇನಮ್ಮಾ?"

೨. ಚನ್ನಪಟ್ಟಣ

ಇಲ್ಲಿ ಓದಿದವರನ್ನೇ ಹಿಡಿಯೋಣ ಅಂತ ಒಬ್ಬ ರಿಟೈರ್ಡ್ ಹೆಡ್ ಮಾಸ್ಟರ ಮನೆಗೆ ಹೋದೆ. ಪಾಪ, ತುಂಬಾ ಶ್ರದ್ಧೆ. ಕನ್ನಡಕ ಒರೆಸಿ, ಕೆಂಪು ಪೆನ್ನು ತೆಗೆದು, ಒಂದು ರುಚಿಗೂ ಇನ್ನೊಂದಕ್ಕೂ ಮಧ್ಯೆ ಬಾಯಿ ಮುಕ್ಕಳಿಸಿ, ಮುಕ್ಕಾಲು ಗಂಟೆ ತಗೊಂಡರು. ಇಂಥವರು ಹತ್ತು ಜನ ಸಿಕ್ಕರೆ ನನ್ನ ಕೆಲಸ ಪರ್ಮನೆಂಟೇ ಅಂತ ಒಳಗೊಳಗೇ ಹಿಗ್ಗಿದೆ.

ಫಾರಂ ಕೊಟ್ಟರು. ಎ ಮೂವತ್ತೈದು, ಬಿ ಮೂವತ್ತೈದು, ಸಿ ಮೂವತ್ತೈದು.

"ಸಾರ್, ಇದು ಹತ್ತಕ್ಕೆ."

"ಗೊತ್ತಮ್ಮ. ಸರ್ವಿಸ್ಸಲ್ಲಿ ಒಬ್ಬರನ್ನೂ ಫೇಲ್ ಮಾಡಿದವನಲ್ಲ ನಾನು."

"ಆದರೆ ಮೂರೂ ಒಂದೇ ಥರ ಇರಲ್ವಲ್ಲ ಸಾರ್? ಆ ಸಿ..."

ಪಕ್ಕದಲ್ಲಿದ್ದ ಸಿ ಬಟ್ಟಲಿಗೆ ಕೇಳಿಸಬಾರದು ಅನ್ನೋ ಹಾಗೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು: "ಸಿ ಶುದ್ಧ ದಡ್ಡ. ಗ್ರೇಸ್ ಮಾರ್ಕ್ಸ್ ಕೊಟ್ಟು ತಳ್ಳಿದೀನಿ."

೩. ಕನಕಪುರ

ಕೋಡಿಹಳ್ಳಿ ಹತ್ತಿರದ ಒಂದು ಊರಲ್ಲಿ ಅರಳಿಕಟ್ಟೆ ಮೇಲೆ ಏಳೆಂಟು ಜನ ಗಂಡಸರು ಕೂತಿದ್ದರು. ಎಲ್ಲರೂ ಟೊಮ್ಯಾಟೊ ಬೆಳೆಯೋರು. ಇವರಿಗಿಂತ ಚೆನ್ನಾಗಿ ಇನ್ಯಾರು ಹೇಳ್ತಾರೆ? ಚಿಪ್ಸ್ ಕೊಟ್ಟೆ.

ಒಬ್ಬಾತ ಚಿಪ್ಸನ್ನ ಬೆಳಕಿಗೆ ಹಿಡಿದು ನೋಡಿ, "ಇದ್ರಾಗೆ ಚಟ್ನಿ ತಿಂದ್ರೆ ಏನ್ ಗೊತ್ತಾಯ್ತದವ್ವ? ಮುದ್ದೆ ಬೇಕು" ಅಂದ.

"ಹೂಂ ಕಣ್ಲಾ, ಮುದ್ದೆ ಇಲ್ದೆ ಹೆಂಗ್ ಹೇಳಾದು?" ಅಂದ ಇನ್ನೊಬ್ಬ.

ಬೇಡ ಅಂದರೂ ಕೇಳಲಿಲ್ಲ. ಮೂರು ಮನೆಯಿಂದ ಬಿಸಿಬಿಸಿ ಮುದ್ದೆ ಬಂತು. ನನ್ನ ಮುಂದೇನೇ ಒಂದು ತಟ್ಟೆ ಮಡಗಿ, "ನೀನೂ ಉಣ್ಣವ್ವ, ಮಕ ಬಾಡೋಗೈತೆ" ಅಂದರು. ಸಾಲ್ಸಾವನ್ನ ಸಾರಿನ ಹಾಗೆ ಸುರಿದುಕೊಂಡರು. ಒಂದು ವಾರಕ್ಕೆ ಅಂತ ತಂದಿದ್ದ ಬಾಟ್ಲಿ ಎಲ್ಲ ಅಲ್ಲೇ ಬರಿದಾಯಿತು. ಮುದ್ದೆ ಗುಳುಂ ಗುಳುಂ ಅಂತ ಇಳೀತಾ ಇದೆ. ಒಬ್ಬನೂ ಅಗಿಯಲ್ಲ!

"ಅಣ್ಣಾ, ಹಂಗೇ ನುಂಗಿದ್ರೆ ರುಚಿ ಹೇಗೆ ಗೊತ್ತಾಗುತ್ತೆ? ಒಸಿ ಅಗೀರಿ!" ಅಂತ ಗೋಗರೆದೆ. ಎಲ್ಲರೂ ಕೈ ನಿಲ್ಲಿಸಿ ನನ್ನ ನೋಡಿದರು. ಮುದ್ದೆ ಅಗಿ ಅಂದವಳು ಆ ಊರಿಗೆ ಯಾವತ್ತೂ ಬಂದಿರಲಿಲ್ಲ ಅಂತ ಕಾಣುತ್ತೆ. ಹಿರಿಯರೊಬ್ಬರು ಬೇಜಾರಿನಿಂದ, "ಯಾವೂರವ್ವ ನಿಂದು?" ಅಂದರು.

ಮಾರ್ಕ್ಸ್ ಕೇಳಿದ್ದಕ್ಕೆ ಎಲ್ಲರದ್ದೂ ಒಂದೇ ಮಾತು: ಒಂಬತ್ತು, ಒಂಬತ್ತು, ಒಂಬತ್ತು. ಕಾರಣ ಏನು ಬರೀಲಿ ಅಂದೆ. "ಬರ್ಕೊ: ಮುದ್ದೇಲಿ ಒಂದ್ ಗಂಟಿಲ್ಲ."

೪. ಮಾಗಡಿ

ಮೂರು ಊರಿನ ಫಾರಂ ಮುಕ್ಕಾಲು ಪಾಲು ರದ್ದಿಗೆ ಹೋಯಿತು. ಸಾಹೇಬರು ಫೋನಲ್ಲಿ, "ಕೊನೇ ಊರಿಗೆ ನಾನೇ ಬರ್ತೀನಿ. ಇಲ್ಲೂ ಹಿಂಗಾದರೆ ನಿಮ್ಮ ದಾರಿ ನಿಮಗೆ" ಅಂದರು. ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ.

ಸಾವನದುರ್ಗದ ದಾರಿಯ ಒಂದು ಹಳ್ಳಿಯಲ್ಲಿ ಮಹಿಳಾ ಸಂಘದ ಅಧ್ಯಕ್ಷೆಯ ಮನೆ. ಮೂವತ್ತು ಹೆಂಗಸರು ಜಗಲಿ ಮೇಲೆ ಕೂತಿದ್ದರು. ಆಫೀಸಿಂದ ಮತ್ತೆ ತಂದ ಸಾಲ್ಸಾವನ್ನ ಮೂರು ಬಟ್ಟಲಿಗೆ ಸುರಿದು, ಚೀಟಿ ಅಂಟಿಸಿ, ಅಡುಗೆಮನೆಯಲ್ಲಿ ಇಟ್ಟೆ. ಅಷ್ಟರಲ್ಲಿ ಸಾಹೇಬರ ಫೋನು: ದಾರಿ ತಪ್ಪಿದೆ. ಅಧ್ಯಕ್ಷೆಗೆ "ಒಂಚೂರು ನೋಡ್ಕೊಳ್ಳಿ ಅಮ್ಮಾ" ಅಂದು ಮೇನ್ ರೋಡಿಗೆ ಓಡಿದೆ.

ಸಾಹೇಬರನ್ನ ಕರ್ಕೊಂಡು ವಾಪಸ್ ಬಂದರೆ, ಏನು ಹೇಳಲಿ, ನನ್ನ ಕಣ್ಣು ನಾನೇ ನಂಬಲಿಲ್ಲ! ಹೆಂಗಸರು ಆಗಲೇ ಶುರು ಮಾಡಿಬಿಟ್ಟಿದ್ದರು. "ಎ ಸಪ್ಪೆ ಕಣೇ." "ಬಿ ಬರೀ ಹುಳಿ, ಹಲ್ಲು ಜುಮ್ ಅಂತದೆ." "ಸಿ ನೋಡು ಸಿ! ಆಹಾ!" ಮಾರ್ಕ್ಸ್ ಹಾಕ್ತಾ ಇದಾರೆ, ಕಾರಣ ಬರೀತಾ ಇದಾರೆ. ಮೂವತ್ತು ಫಾರಮ್ಮಿನಲ್ಲೂ ಸಿ ಹತ್ತಕ್ಕೆ ಹತ್ತು. ಸಿ ನಮ್ಮ ಕಂಪನಿಯದು!

ಸಾಹೇಬರೂ ಸಿ ತಿಂದರು. ಇನ್ನೊಂದು ಸಲ ತಿಂದರು. ಆಮೇಲೆ ಚಿಪ್ಸ್ ಬಿಟ್ಟು ಬೆರಳಲ್ಲೇ ಬಟ್ಟಲು ಬಳಿದರು. "ಶಾಭಾಶ್" ಅಂತ ನನ್ನ ಕೈ ಕುಲುಕಿದರು. ನನಗೆ ಅಳು ಬರೋ ಹಾಗಾಯಿತು. ಅವರು ಬಳಿದ ಬಟ್ಟಲಿನ ಕಡೆ ನೋಡಿದೆ. ಅಂಚಿನಲ್ಲಿ ಎರಡು ಕರಿಬೇವಿನ ಎಲೆ ಅಂಟಿಕೊಂಡಿದ್ದವು.

ನಮ್ಮ ಬಾಟ್ಲಿಯಲ್ಲಿ ಕರಿಬೇವು ಎಲ್ಲಿಂದ ಬಂತು? ಅಧ್ಯಕ್ಷೆಯನ್ನ ಮೂಲೆಗೆ ಕರೆದು, "ಅಮ್ಮಾ, ಏನು ಮಾಡಿದ್ರಿ?" ಅಂದೆ.

"ಒಗ್ಗರಣೆ ಹಾಕ್ದೆ ಕಣವ್ವ" ಅಂದರು, ಊರಿಗೆಲ್ಲ ಕೇಳೋ ಹಾಗೆ. "ನೀನು ಹಸೀದ್ನ ಹಂಗೇ ಮಡಗೋಗಿದ್ದೆ. ನಮ್ಮನೆ ಜಗಲೀಲಿ ಕೂತೋರ್ಗೆ ಅದ್ನ ಕೊಟ್ರೆ ನಾಳೆ ನನ್ ಮಾನ ಏನಾಗ್ಬೇಕು? ಇದ್ದ ಸಾಸಿವೆ, ಬೆಳ್ಳುಳ್ಳಿ ಒಂದಕ್ಕೇ ಆಯ್ತು. ಮೂರ್ರಾಗೂ ಈ ಸಿ ನೇ ವಸಿ ಕೆಟ್ದಾಗಿತ್ತು ಅಂತ ಅದಕ್ಕೇ ಹಾಕ್ಬುಟ್ಟೆ."

ಸಾಹೇಬರಿಗೆ ಕನ್ನಡ ಒಂದಕ್ಷರ ಬರಲ್ಲ. "ಏನಂತಾರೆ?" ಅಂತ ಹಿಂದಿಯಲ್ಲಿ ಕೇಳಿದರು. ಸುಳ್ಳು ಹೇಳಿಬಿಡಲೇ ಅಂತ ಒಂದು ಕ್ಷಣ ಅನಿಸಿತು, ದೇವರಾಣೆ. ಅಷ್ಟರಲ್ಲಿ ಅಧ್ಯಕ್ಷೆ ಒಗ್ಗರಣೆ ಸೌಟನ್ನೇ ತಂದು, ಬಟ್ಟಲ ಮೇಲೆ ಹಿಡಿದು, "ಚುಂಯ್!" ಅಂತ ಬಾಯಲ್ಲೇ ಸದ್ದು ಮಾಡಿ ತೋರಿಸಿದರು. ಅದಕ್ಕೆ ಯಾವ ಭಾಷೆ ಬೇಕು?

ಸಾಹೇಬರು ಬಟ್ಟಲು ನೋಡಿದರು. ಸೌಟು ನೋಡಿದರು. ಬೆರಳು ಇನ್ನೊಂದು ಸಲ ನೆಕ್ಕಿದರು. ಕೊನೆಗೆ ಬಾಯಿಬಿಟ್ಟರು: "ಇವರನ್ನ ಕೇಳಿ, ನಮ್ಮ ರುಚಿ ವಿಭಾಗಕ್ಕೆ ಕೆಲಸಕ್ಕೆ ಬರ್ತಾರಾ?"

ನನ್ನ ಕೆಲಸ! ನಾನೇ ನನ್ನ ಬಾಯಿಂದ ಕೇಳಬೇಕು! ಹಲ್ಲು ಕಚ್ಚಿಕೊಂಡು ಕೇಳಿದೆ.

"ನಂಗ್ಯಾಕವ್ವ ಕೆಲ್ಸ? ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು, ಎರಡು ಹಸ ಅವೆ, ಬುಟ್ ಬರಕ್ಕಾಯ್ತದಾ?" ಅಂದ ಅಧ್ಯಕ್ಷೆ ನನ್ನ ಮೇಲಿಂದ ಕೆಳಗೆ ನೋಡಿ, ಗಲ್ಲ ಸವರಿ, ಸಾಹೇಬರ ಕಡೆ ತಿರುಗಿದರು. "ಆ ಕೆಲ್ಸ ಈ ಮಗೀಗೇ ಕೊಡಪ್ಪ. ಪಾಪ, ಚಟ್ನಿಗೆ ಒಗ್ಗರಣೆ ಹಾಕ್ಬೇಕು ಅಂತ್ಲೂ ಗೊತ್ತಿಲ್ಲ ಇದ್ಕೆ. ಅಡುಗೆ ಬರಾಕಿಲ್ಲ, ಕಟ್ಕೊಂಡ ಗಂಡ ಎಷ್ಟ್ ದಿನ ತಡ್ಕತಾನೆ? ಕೈಯಾಗೊಂದು ಕೆಲ್ಸಾನಾದ್ರೂ ಇರ್ಲಿ."

"ಹೂಂ ಮತ್ತೆ, ಹೂಂ ಮತ್ತೆ" ಅಂತ ಮೂವತ್ತು ಹೆಂಗಸರೂ ಕನಿಕರದಿಂದ ತಲೆ ಆಡಿಸಿದರು.

"ಏನಂದರು?" ಅಂದರು ಸಾಹೇಬರು.

"ಈ ಕೆಲಸಕ್ಕೆ ನನ್ನಷ್ಟು ಯೋಗ್ಯರು ಇನ್ಯಾರೂ ಇಲ್ಲ ಅಂತಿದಾರೆ ಸಾರ್" ಅಂದೆ.

ಸಾಹೇಬರು ಇನ್ನೂ ಆಡ್ತಾನೇ ಇದ್ದ ಮೂವತ್ತು ತಲೆಗಳನ್ನ ನೋಡಿ, ಇಡೀ ಸರ್ವೆಯಲ್ಲಿ ಒಗ್ಗರಣೆ ಇಲ್ಲದೆ ಎಲ್ಲರೂ ಒಪ್ಪಿದ್ದು ಇದೊಂದೇ ಅಂತ ಹೇಳಿ, ಅಲ್ಲೇ ನನ್ನನ್ನ ಪರ್ಮನೆಂಟ್ ಮಾಡಿದರು.