ಸತ್ತ ಕೇಡಿ ಮತ್ತೆ ಬರುತ್ತಾನಾ?

ನಮ್ಮ ಕಾಲದ ಖಳನಾಯಕರು ಮರ್ಯಾದಸ್ಥರು. ಒಮ್ಮೆ ಸತ್ತರೆ ಸತ್ತ ಹಾಗೇ ಇರುತ್ತಿದ್ದರು. ನಮ್ಮೂರು ದೇವರಾಯಸಮುದ್ರದ ಟೆಂಟಿನಲ್ಲಿ ಮರಳಿನ ಮೇಲೆ ಕೂತು ಸಿನಿಮಾ ನೋಡುವಾಗ, ಕೇಡಿ ನೆಲಕ್ಕುರುಳಿದ ತಕ್ಷಣ ನಮ್ಮ ಸೋದರತ್ತೆ ಸೆರಗು ಕೊಡವಿ ಎದ್ದೇಬಿಡುತ್ತಿದ್ದರು. "ಸತ್ನಲ್ಲಾ, ಇನ್ನೇನಿದೆ? ನಡೀರ್ರೋ, ಮುದ್ದೆ ಆರೋಗ್ತದೆ." ಅವರ ದೆಸೆಯಿಂದ ನಾಯಕ ನಾಯಕಿಯರ ಮದುವೆಯನ್ನು ನಾನು ಒಂದು ಸಿನಿಮಾದಲ್ಲೂ ನೋಡಲಿಲ್ಲ. ಕೊನೆಯವರೆಗೂ ಕೂತಿರುತ್ತಿದ್ದ ಗೆಳೆಯ ಮುನಿರಾಜು ಮರುದಿನ ಅದನ್ನೆಲ್ಲ ನಟಿಸಿ ತೋರಿಸುತ್ತಿದ್ದ, ನಾಯಕಿಯ ನಾಚಿಕೆಯನ್ನೂ ಬಿಡದೆ.

ಈಗ ನಾವಿಬ್ಬರೂ ಇಟ್ಟಿಗೆ ಗೂಡುಗಳ ಊರಾದ ಮಾಲೂರಿನಲ್ಲಿದ್ದೇವೆ. ದಿನಾ ಒಂದೇ ರೈಲಿನಲ್ಲಿ ಬೆಂಗಳೂರಿನ ಕಚೇರಿಗಳಿಗೆ ಹೋಗುತ್ತೇವೆ. ತಲೆ ನರೆತಿದೆ, ಬುದ್ಧಿ ಮಾತ್ರ ಟೆಂಟಿನಲ್ಲೇ ಉಳಿದಿದೆ. ಎಲ್ಲರೂ ಮುಗಿಬಿದ್ದು ನೋಡಿದ್ದ ಸಿನಿಮಾ ಒಂದರ ಎರಡನೇ ಭಾಗ ಬರುತ್ತದೆಂದು ಸುದ್ದಿಯಾಯಿತು. ಮೊದಲ ಭಾಗದ ಕೊನೆಯಲ್ಲಿ ಕೇಡಿ ಉರಿಯುವ ಇಟ್ಟಿಗೆ ಗೂಡಿಗೆ ಬಿದ್ದಿದ್ದ. ಅವನು ಮತ್ತೆ ಬರುತ್ತಾನೋ ಇಲ್ಲವೋ ಎಂದು ಇಡೀ ಬೋಗಿ ಚರ್ಚೆಗೆ ಕೂತಿತು.

"ಹೆಣ ತೋರ್ಸಿಲ್ಲ ಅಂದ್ಮೇಲೆ ಬದುಕಿದ್ದಾನೆ ಕಣೋ," ಎಂದೆ.

"ಗೂಡಿಗೆ ಬಿದ್ದೋನು ಉಳೀತಾನಾ? ಮಾಲೂರಲ್ಲಿದ್ಕೊಂಡು ಅಷ್ಟೂ ಗೊತ್ತಿಲ್ವಾ ನಿಂಗೆ?" ಎಂದ ಮುನಿರಾಜು. ಬೋಗಿಯೇ ನಕ್ಕಿತು. ನಾನೂ ದನಿ ಏರಿಸಿದೆ. ಆಗ ಅವನು ಅನ್ನಬಾರದ್ದನ್ನು ಅಂದುಬಿಟ್ಟ: "ಲೇ, ಕ್ಲೈಮ್ಯಾಕ್ಸ್ ಮುಗಿಯೋಕ್ ಮುಂಚೇನೇ ಅತ್ತೆ ಸೆರಗು ಹಿಡ್ಕೊಂಡು ಎದ್ದೋಗ್ತಿದ್ದೋನು ನೀನು. ನಿಂಗೇನ್ ಗೊತ್ತೋ ಸಿನಿಮಾ?"

ಮರುದಿನದಿಂದ ನಾನು ಬೇರೆ ಬೋಗಿ ಹತ್ತಿದೆ. ಅಲ್ಲಿನವರು ಸಭ್ಯರು. ಸಕ್ಕರೆ ಕಾಯಿಲೆ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ವೈಟ್‌ಫೀಲ್ಡ್ ಬರುವಷ್ಟರಲ್ಲಿ ನನಗೂ ಬಾಯಿ ಒಣಗಿದಂತಾಗುತ್ತಿತ್ತು. ಪಕ್ಕದ ಬೋಗಿಯಿಂದ ನಗು ಕೇಳಿಸಿದರೆ, ಮುನಿರಾಜು ಏನು ಹೇಳಿರಬಹುದೆಂದು ಊಹಿಸುತ್ತಾ ಕೂರುತ್ತಿದ್ದೆ.

ಅಂತೂ ಸಿನಿಮಾ ಬಂತು. ಮಾಲೂರಿನಲ್ಲಿ ನೋಡಿದರೆ ಅವನ ಕಣ್ಣಿಗೆ ಬೀಳುತ್ತೇನೆಂದು, ಭಾನುವಾರ ಬೆಳಗ್ಗೆಯ ಆಟಕ್ಕೆ ಕೋಲಾರದ ಬಸ್ ಹತ್ತಿದೆ. ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಹೊಗೆಯೊಳಗಿಂದ ಕೇಡಿ ನಡೆದು ಬಂದ! ಥಿಯೇಟರಿಗೆ ಥಿಯೇಟರೇ ಸೀಟಿ ಹೊಡೆಯಿತು. "ನೋಡ್ದಾ?" ಎನ್ನಲು ನಾನು ಪಕ್ಕಕ್ಕೆ ತಿರುಗಿದೆ. ಪಕ್ಕದ ಸೀಟಿನಲ್ಲಿ ಯಾರದೋ ಹೆಲ್ಮೆಟ್ ಕೂತಿತ್ತು.

ಇಂಟರ್ವಲ್‌ನಲ್ಲಿ ಹೊರಗೆ ಬಂದರೆ, ಬೋಂಡಾ ಅಂಗಡಿಯ ಮುಂದೆ ನಿಂತಿದ್ದವನು ಮುನಿರಾಜು.

"ಏಂರಾ, ಇಷ್ಟು ದೂರ?" ಎಂದ.

"ನೀನ್ಯಾಕೋ ಬಂದೆ?"

"ಮಾಲೂರಲ್ಲಾದ್ರೆ ನೀನು ಸಿಕ್ಬಿಡ್ತೀಯಾ ಅಂತ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ನೀನೇ ಗೆದ್ದೆ ಬಿಡು. ಬದುಕ್ಬಿಟ್ಟ ನನ್ಮಗ," ಎಂದ. ಈ ಮಾತಿಗಾಗಿ ಎಷ್ಟು ಕಾದಿದ್ದೆ! ಕೇಳಿದಾಗ ಯಾಕೋ ರುಚಿಸಲಿಲ್ಲ. "ಅವಳಿ ತಮ್ಮ ಇದ್ರೂ ಇರ್ಬೋದು ಕಣೋ," ಎಂದೆ.

ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಹೆಲ್ಮೆಟ್ಟಿನ ಯಜಮಾನ ಒಳ್ಳೆಯವನು, ಅದನ್ನೆತ್ತಿ ಮುನಿರಾಜುವಿಗೆ ಜಾಗ ಕೊಟ್ಟ. "ನಿಮ್ಮತ್ತೆ ಇದ್ದಿದ್ರೆ ಇವತ್ತು ಎದ್ದೋರು ಮತ್ತೆ ಕೂರ್ಬೇಕಾಗಿತ್ತಲ್ಲೋ," ಎಂದ ಮುನಿರಾಜು. ಅಲ್ಲಿಂದ ಶುರುವಾಯಿತು: ಟೆಂಟಿನ ಮರಳು, ಬಿಸಿ ಕಡಲೆಕಾಯಿ, ರೀಲು ತುಂಡಾದಾಗಿನ ಗಲಾಟೆ, ಹಾಡು ಬಂದಾಗ ಬೀಡಿ ಹಚ್ಚಲು ಎದ್ದು ಹೋಗುತ್ತಿದ್ದ ಗಂಡಸರು. "ಸಾರ್, ಸ್ವಲ್ಪ ಸುಮ್ನಿರ್ತೀರಾ?" ಎಂದು ಹಿಂದಿನವರು ಬೇಡಿಕೊಂಡರು. ನಾವು ದನಿ ತಗ್ಗಿಸಿದೆವು, ಆಟ ಮುಗಿಯುವವರೆಗೂ ಮಾತು ನಿಲ್ಲಿಸಲಿಲ್ಲ.

ಮನೆಗೆ ಬಂದೊಡನೆ ಹೆಂಡತಿ ಕೇಳಿದಳು: "ಅಷ್ಟೊಂದು ಜಗಳ ಆಡಿದ್ರಲ್ಲ, ಕೊನೇಗೆ ಆ ಕೇಡಿ ಸತ್ನಾ, ಉಳಿದ್ನಾ?"

ಚಪ್ಪಲಿ ಬಿಡುತ್ತಾ ಯೋಚಿಸಿದೆ. "ಗೊತ್ತಿಲ್ಲ ಕಣೇ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಮತ್ತೆ ಅಷ್ಟ್ ಹೊತ್ತು ಅಲ್ಲಿ ಏನು ಮಾಡ್ತಿದ್ರಿ?"