ನಮ್ಮತ್ತೆ ಬೇಲಿ ಕತ್ತರಿಸುವ ಮಿಷನ್ ಆರಿಸಿದ್ದು

ನಮ್ಮತ್ತೆ ಬರುತ್ತಾರೆಂದು ಮೊದಲೇ ಗೊತ್ತಾದರೆ ಅರಸೀಕೆರೆಯ ಅರ್ಧ ಅಂಗಡಿಗಳು ಆ ದಿನ ಬಾಗಿಲೇ ತೆರೆಯಲಿಕ್ಕಿಲ್ಲ! ಉತ್ಪ್ರೇಕ್ಷೆ ಅನ್ನಬೇಡಿ. ಒಂದು ಸೌಟು ಆರಿಸಲು ಮೂರು ವಾರ ತೆಗೆದುಕೊಂಡ ಹೆಂಗಸು ಅವರು. ಸೌಟು ತೋರಿಸಿದವನು ಈಗ ಪಾತ್ರೆ ಬಿಟ್ಟು ಬಟ್ಟೆ ವ್ಯಾಪಾರಕ್ಕೆ ಇಳಿದಿದ್ದಾನೆ. ಅಂಥವರು ಹೋದ ವರ್ಷ, ಬ್ಯಾಟರಿಯಲ್ಲಿ ಓಡುವ, ವೈರ್ ಇಲ್ಲದ, ಬೇಲಿ ಕತ್ತರಿಸುವ ಮಿಷನ್ ಕೊಳ್ಳುತ್ತೇನೆಂದು ಹೊರಟರು. ಕಾರು ಓಡಿಸಲು ನಾನು. ಬಾಣಾವರದಲ್ಲಿ ಮೇಷ್ಟ್ರಾದ ನನಗೆ ವಾರಕ್ಕೊಂದೇ ಭಾನುವಾರ. ಆದರೆ ಅಪ್ಪನ ತಂಗಿಗೆ ಇಲ್ಲವೆನ್ನುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗಿದೆ?

ಬೇಲಿ ಮಾವನದು. ಮಾವನೆಂದರೆ ಅತ್ತೆಯ ಗಂಡ, ಸರ್ವೆ ಕೆಲಸದಲ್ಲಿದ್ದು ನಿವೃತ್ತರಾದವರು. ಮನೆಯ ಮುಂದಿನ ದಾಸವಾಳದ ಬೇಲಿಗೆ ಎದೆಮಟ್ಟದಲ್ಲಿ ದಾರ ಕಟ್ಟಿ, ದೊಡ್ಡ ಕತ್ತರಿ ಹಿಡಿದು, ಒಂದು ಎಲೆಯೂ ಗೆರೆ ದಾಟದಂತೆ ಕತ್ತರಿಸುತ್ತಿದ್ದರು. ಆಮೇಲೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಕೋಲು ಹಿಡಿದು ನಡೆಯುವಷ್ಟಾದರು, ಮಾತೂ ತಕ್ಕಮಟ್ಟಿಗೆ ಬಂತು. ಆದರೆ ಮನುಷ್ಯ ಮಾತ್ರ ಎಲ್ಲ ಬಿಟ್ಟು ಕೂತುಬಿಟ್ಟರು. ಪೇಪರ್ ಬೇಡ, ವಾಕಿಂಗ್ ಬೇಡ, ಬಂದವರ ಹತ್ತಿರ ಎರಡು ಮಾತೂ ಬೇಡ. ಬೇಲಿ ಕಾಡಾಯಿತು. ಅತ್ತೆ ಕೂಲಿಯವನನ್ನು ಕರೆಸಿದರೆ, "ಇನ್ನು ಅದಕ್ಕೂ ನಾನು ಬೇಡ್ವಾ?" ಎಂದು ಮಾವ ಊಟವನ್ನೇ ಬಿಟ್ಟರು. ಅತ್ತೆ ಆಳನ್ನು ವಾಪಸ್ಸು ಕಳಿಸಿ ನನಗೆ ಫೋನ್ ಮಾಡಿದರು.

"ಒಂದೇ ಕೈಲಿ ಹಿಡಿಯೋ ಮಿಷನ್ ಬೇಕು ಕಣೋ. ಆ ಬೇಲಿನ ಅವರೇ ಕತ್ತರಿಸಬೇಕು. ಅಷ್ಟಾದ್ರೆ ಮನುಷ್ಯ ಎದ್ದು ಓಡಾಡ್ತಾರೆ. ಆಗ್ಲಿಲ್ಲ ಅಂದ್ರೆ..."

ಅತ್ತೆ ಒಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾನುವಾರ ಬೆಳಗ್ಗೆಯೇ ಕಾರು ತೆಗೆದೆ.

ಮೊದಲ ದಂಡಯಾತ್ರೆ ಅರಸೀಕೆರೆಯಲ್ಲೇ. ಇಲ್ಲೊಂದು ವಿಷಯ ಹೇಳಬೇಕು. ಅತ್ತೆ ಮೂವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ನಮ್ಮ ಕಡೆ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಲೊಟಲೊಟ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಮಾಲು ಪಕ್ಕಾ. ಸದ್ದಿಲ್ಲದಿದ್ದರೆ ಇನ್ನೂ ಹಸಿ. ಅಂಗಡಿಯವರು ಐದು ಮಿಷನ್ ಮೇಜಿನ ಮೇಲಿಟ್ಟು ವೋಲ್ಟು, ಬ್ಲೇಡು, ಗ್ಯಾರಂಟಿ ಎಂದು ವಿವರಿಸುತ್ತಿದ್ದರೆ ಅತ್ತೆ ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾ ಹೋದರು. ನಾಲ್ಕು ಮೂಕ. ಐದನೆಯದು ಲೊಟಲೊಟ ಅಂತು.

"ಇದನ್ನ ಕೊಡಿ," ಎಂದರು ಅತ್ತೆ.

"ಅಮ್ಮಾ, ಅದು ಹಾಗೆ ಸದ್ದು ಮಾಡಬಾರದು..."

"ನನಗೆ ಹೇಳ್ಕೊಡ್ತೀರೇನ್ರೀ?"

ಅವರು ಹೇಳಿಕೊಡಲಿಲ್ಲ. ಮನೆಗೆ ಬಂದು ಅತ್ತೆ ತಾವೇ ಪರೀಕ್ಷೆ ಮಾಡಿದರು. ಎರಡು ಹೂವು, ಮೂರು ಎಲೆ ಉದುರಿಸಿ ಮಿಷನ್ ಪ್ರಾಣ ಬಿಟ್ಟಿತು! ಒಳಗೆ ಸ್ಕ್ರೂ ಕಳಚಿಕೊಂಡಿತ್ತು. ಅತ್ತೆ ಸೋಲೊಪ್ಪಿದರೇ? ಗಂಭೀರವಾಗಿ ತಲೆಯಾಡಿಸಿ, "ಸ್ವಲ್ಪ ಜಾಸ್ತಿನೇ ಒಣಗಿತ್ತು ಅನ್ಸುತ್ತೆ," ಎಂದರು.

ಮುಂದಿನ ಭಾನುವಾರ ಬೇಲೂರು. ಹೊರಡುವಾಗಲೇ ಅತ್ತೆಯ ಕೈಯಲ್ಲೊಂದು ಚೀಲ, ಅದರ ತುಂಬ ದಾಸವಾಳದ ಕಡ್ಡಿಗಳು. ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ ಎಲ್ಲ ದಪ್ಪದವೂ ಇದ್ದವು. ಅಂಗಡಿ ಮೆಟ್ಟಿಲು ಹತ್ತುವ ಮೊದಲು ಬಲಗೈಯನ್ನು ಸೊಂಟದ ಹತ್ತಿರ ಸೆರಗಿನಿಂದ ಬಿಗಿಯಾಗಿ ಸುತ್ತಿಕೊಂಡರು. ಆಮೇಲೆ ಎಲ್ಲ ಮಿಷನ್‌ಗಳನ್ನೂ ಬರೀ ಎಡಗೈಯಲ್ಲಿ ಎತ್ತಿ, ಚಾಚಿ ಹಿಡಿದು, ಒಂದರಿಂದ ನೂರರವರೆಗೆ ಎಣಿಸಿದರು. ಎಪ್ಪತ್ತರ ಹೊತ್ತಿಗೆ ತೋಳು ನಡುಗುತ್ತಿತ್ತು, ಆದರೂ ಬಿಡಲಿಲ್ಲ. ಅಂಗಡಿಯವರು ಕನಿಕರದಿಂದ ಕುರ್ಚಿ ಹಾಕಿಸಿ ಸೋಡಾ ತರಿಸಿದರು.

"ಅಯ್ಯೋ ಪಾಪ, ಬಲಗೈಗೆ ಏನಾಯ್ತಮ್ಮಾ?"

"ಏನೂ ಆಗಿಲ್ವಲ್ಲ, ಚೆನ್ನಾಗೇ ಇದೆ," ಎಂದ ಅತ್ತೆ ಬಲಗೈ ಬಿಚ್ಚಿ, ಅದರಲ್ಲೇ ಸೋಡಾ ಕುಡಿದು, ಬಾಯಿ ಒರೆಸಿಕೊಂಡು, ಕೈಯನ್ನು ಮತ್ತೆ ಸೆರಗಿನೊಳಗೆ ಕಟ್ಟಿಕೊಂಡರು! ಅಂಗಡಿಯವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ನಗು ಬಂದದ್ದು ನಿಜ. ಆದರೆ ಆ ವಾರವೆಲ್ಲ ಅತ್ತೆ ಮನೆಯ ಮುಂದೆ ರಂಗೋಲಿಯನ್ನೂ ಎಡಗೈಯಲ್ಲೇ ಹಾಕುತ್ತಿದ್ದರೆಂದು ಆಮೇಲೆ ತಿಳಿಯಿತು. ಮಾವನ ತೋಳು ಎಷ್ಟು ಭಾರ ತಡೆದೀತೆಂದು ತಿಳಿಯಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಪಕ್ಕದ ಮನೆಯವರು ಅದು ಹೊಸ ನಮೂನೆ ರಂಗೋಲಿಯೆಂದುಕೊಂಡು ಫೋಟೋ ತೆಗೆದುಕೊಂಡು ಹೋದರಂತೆ.

ಬೇಲೂರಿನಲ್ಲೂ ಕೆಲಸವಾಗಲಿಲ್ಲ. ಒಂದು ಕೈಗೆ ಬಗ್ಗುವ ಮಿಷನ್‌ಗಳು ಆಟದ ಸಾಮಾನಿನಂತಿದ್ದವು. ಕಿರುಬೆರಳಿನ ಕಡ್ಡಿಗೇ ಕಚ್ಚಿಕೊಂಡು ನಿಂತವು. ದೊಡ್ಡವು ಒಂದು ಕೈಗೆ ಬಗ್ಗಲಿಲ್ಲ. ವಾಪಸ್ಸು ಬರುವಾಗ ಹಳೇಬೀಡಿನಲ್ಲಿ, "ನಿಲ್ಸೋ!" ಎಂದು ಅತ್ತೆ ಕಿರುಚಿದರು. ದೇವಸ್ಥಾನಕ್ಕೆ ಕೈ ಮುಗಿಯಲು ಇರಬೇಕೆಂದುಕೊಂಡೆ. ಎಲ್ಲಿಯ ದೇವಸ್ಥಾನ! ರಸ್ತೆ ಬದಿಯ ಲಾಡ್ಜೊಂದರ ಮುಂದೆ ಮಾಲಿಯೊಬ್ಬ ಅಂಥದೇ ಮಿಷನ್ ಹಿಡಿದು ಬೇಲಿ ಸವರುತ್ತಿದ್ದ. ದೇಶವಿದೇಶದ ಜನ ಶಿಲ್ಪ ನೋಡಲು ಹೋಗುತ್ತಿದ್ದರೆ ಅತ್ತೆ ಮಾಲಿಯ ಮುಂದೆ ಬಾಯಿಬಿಟ್ಟುಕೊಂಡು ನಿಂತರು.

"ಇದು ಒಂದೇ ಕೈಲಿ ಓಡುತ್ತೇನಪ್ಪಾ?"

"ಇಲ್ಲ ಕಣವ್ವ, ಎಲ್ಡೂ ಕೈ ಬೇಕು. ಹಿಂದ್ಲು ಹಿಡೀಲಿ ಒಂದು ಗುಂಡಿ ಐತೆ, ಮುಂದ್ಲು ಹಿಡೀಲಿ ಒಂದು ಐತೆ. ಎಲ್ಡೂ ಒತ್ತಿದ್ರೇನೇ ಓಡೋದು. ಒಂದ್ ಕೈ ತೆಗುದ್ರೂ ನಿಂತೋಯ್ತದೆ. ಕೈಬೆಳ್ಳು ಉಳೀಲಿ ಅಂತ ಹಂಗ್ ಮಾಡವ್ರೆ."

ಮುಗಿಯಿತು ಕಥೆ, ಎಂದುಕೊಂಡೆ. ಅತ್ತೆ ಅದನ್ನು ನಾಲ್ಕು ಸಲ ನಿಲ್ಲಿಸಿ, ನಾಲ್ಕು ಸಲ ಓಡಿಸಿ ತೋರಿಸೆಂದರು. ಹೆಬ್ಬೆರಳಿನ ಕಡ್ಡಿಯೂ ಕಚಕ್ಕನೆ ತುಂಡಾಯಿತು.

"ಇದೇ ಬೇಕು."

"ಅತ್ತೆ, ಮಾವನಿಗೆ ಓಡೋದು ಒಂದೇ ಕೈ ಅಲ್ವಾ?"

"ನಂಗೂ ಎಣಿಸಕ್ಕೆ ಬರುತ್ತೆ. ಗಾಡಿ ತೆಗಿ."

ಹುಲಿಕೆರೆಯ ಕಡೆ ತಿರುಗುವ ದಾರಿ ದಾಟುವಷ್ಟರಲ್ಲಿ, ಆರಿಸಿ ಆರಿಸಿ ಇವರಿಗೇ ತಲೆ ಕೆಟ್ಟಿತೆಂದು ನಾನು ತೀರ್ಮಾನಿಸಿದೆ.

ಮಾಲಿಯ ಕೈಯಲ್ಲಿದ್ದಂಥದೇ ಮಿಷನ್ ಬಂತು. ಭಾನುವಾರ ಬೆಳಗ್ಗೆ ನಾನು ಬೇಲಿಗೆ ದಾರ ಕಟ್ಟಿದೆ. ಮಾವ ಒಲ್ಲದ ಮನಸ್ಸಿನಿಂದ ಕೋಲೂರಿಕೊಂಡು ಬಂದು ಮಿಷನ್ ನೋಡಿದರು. "ಇದು... ಎರಡು ಕೈಯಿದ್ದೋರಿಗೆ ಕಣೇ," ಎಂದರು.

"ಹೌದ್ರೀ. ಮುಂದಿಂದು ನೀವು ಹಿಡೀರಿ, ಎಡಗೈಲಿ."

ಅತ್ತೆ ಅವರ ಬಲಕ್ಕೆ ಒತ್ತಿಕೊಂಡು ನಿಂತು, ಎಡಗೈಯನ್ನು ಅವರ ಬೆನ್ನಿಗೆ ಕೊಟ್ಟು, ಬಲಗೈಯಲ್ಲಿ ಹಿಂದಿನ ಹಿಡಿ ಹಿಡಿದರು. ಮಾವ ಕೋಲನ್ನು ನನಗೆ ಕೊಟ್ಟು ಮುಂದಿನದನ್ನು ಹಿಡಿದರು, ಎರಡು ಗುಂಡಿಯೂ ಒತ್ತಿಕೊಂಡವು. ಮಿಷನ್ ಗುರ್ರೆಂದು ಓಡಿತು!

"ಮೇಲಕ್ಕೆ ಹೋಯ್ತು... ಇಳಿಸೇ. ದಾರ ಕಾಣಲ್ವಾ ನಿಂಗೆ?" ಎಂದು ಮಾವ ರೇಗಿದರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಅವರ ಗದರಿಕೆ ಕೇಳಿಸಿತು. ಹುಟ್ಟಿದಾರಭ್ಯ ಯಾರ ಮಾತನ್ನೂ ಕೇಳದ ನಮ್ಮತ್ತೆ, "ಆಯ್ತು ರೀ," ಎಂದು ಇಳಿಸಿದರು.

ಅರ್ಧ ಬೇಲಿ ಆಗುವಷ್ಟರಲ್ಲಿ ಮಾವ ಬೆವತುಹೋದರು. ಎಡಗೈ ಸೋತು ಹಿಡಿಯಿಂದ ಜಾರಿತು. ಮಿಷನ್ ನಿಂತಿತು. ನಾನು ಓಡಿಹೋಗಿ ಮುಂದಿನ ಹಿಡಿಗೆ ಕೈ ಹಾಕಲು ಹೊರಟೆ. ಅತ್ತೆ ನನ್ನ ಕಡೆ ತಿರುಗದೆಯೇ ತಲೆಯಾಡಿಸಿ ಬೇಡವೆಂದರು. ಮಿಷನ್ನಿನ ಭಾರವೆಲ್ಲ ಅವರ ಒಂದೇ ಕೈಯ ಮೇಲಿತ್ತು, ಇನ್ನೊಂದು ಮಾವನ ಬೆನ್ನು ಬಿಟ್ಟಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

"ನೀವು ನಿಧಾನವಾಗಿ ಸುಧಾರಿಸ್ಕೊಳ್ಳಿ," ಎಂದರು ಮಾವನಿಗೆ. "ನಾನು ಹಿಡ್ಕೊಂಡೇ ಇರ್ತೀನಿ."