‘ಹೋ’ ಅಂದರೆ ನಿಲ್ಲದ ಮಷೀನು

ಹೊಸಬರಿಗೆ ಮಷೀನು ಕಲಿಸುವ ಕೆಲಸದಲ್ಲಿ ನಗು ಬಾರದ ವಾರವೇ ಇಲ್ಲ; ಕಷ್ಟವೆಂದರೆ, ಕಲಿಸುವವನು ಅವರೆದುರು ನಗುವಂತಿಲ್ಲ. ತಡಸದ ಹತ್ತಿರ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆ ನಮ್ಮದು. ಹಾನಗಲ್ಲು, ಸವಣೂರು, ಹಿರೇಕೆರೂರು ಕಡೆಯಿಂದ ಮಂದಿ ಬರುತ್ತಾರೆ. ನಾನು ಮುಖ ಗಂಟಿಕ್ಕಿಕೊಂಡು ಕಲಿಸುತ್ತೇನೆ.

೧. ಬೂಟು

ಮೊದಲ ದಿನವೇ ಎಲ್ಲರಿಗೂ ದಪ್ಪನೆಯ ಬೂಟು ಕೊಟ್ಟು, ಇವನ್ನು ಹಾಕದೆ ಮಷೀನಿನ ಹತ್ತಿರ ಬರಬಾರದು ಎಂದು ಗಂಟಲು ಹರಿಯುವಂತೆ ಹೇಳಿದ್ದೆ. ಮರುದಿನ ಶುಕ್ರವಾರ. ಬೆಳಿಗ್ಗೆ ಚಹಾ ಕುಡಿದು ಮರಳಿ ಬಂದು ನೋಡುತ್ತೇನೆ, ಬೂಟುಗಳೆಲ್ಲ ಗುಡಿಯ ಮುಂದೆ ಬಿಟ್ಟಂತೆ ಮಷೀನಿನ ಸುತ್ತ ಎಳೆದ ಹಳದಿ ಗೆರೆಯಾಚೆ ಸಾಲಾಗಿವೆ. ಮಂದಿಯೆಲ್ಲ ಬರಿಗಾಲಲ್ಲಿ ಮಷೀನಿನ ಮುಂದೆ.

“ಬೂಟ್ ಯಾಕ ಬಿಚ್ಚೀರಿ?”

ಸವಣೂರಿನ ಹುಡುಗಿ ಮಷೀನಿಗೆ ಹಚ್ಚಿದ ಕುಂಕುಮ, ಊದಿನಕಡ್ಡಿ ತೋರಿಸಿದಳು. “ಪೂಜಿ ಆಗೇತ್ರಿ ಸರ. ಬೂಟ್ ಹಾಕ್ಕೊಂಡು ಹೆಂಗ ಹೋಗೂದ್ರಿ?”

ಆ ಪೂಜೆ ಮಾಡಿದವನು ನಾನೇ, ಅದೂ ಬೂಟು ಹಾಕಿಕೊಂಡೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

೨. ಎತ್ತಿನ ಭಾಷೆ

ಅದೇ ತಂಡದಲ್ಲಿ ಹಂಸಭಾವಿಯ ರೈತನೊಬ್ಬನಿದ್ದ. ಕೈ ಚುರುಕು, ಆದರೆ ಇಷ್ಟು ವರ್ಷ ಎತ್ತಿನ ಸಹವಾಸ. ಮಷೀನು ಶುರು ಮಾಡುವಾಗ ನಾಲಿಗೆಯಲ್ಲಿ ‘ಟಕ್ ಟಕ್’ ಅನ್ನುತ್ತಿದ್ದ. ನಿಲ್ಲಿಸಬೇಕೆಂದರೆ ‘ಹೋ... ಹೋ!’ ಕೆಂಪು ಗುಂಡಿಯ ನೆನಪು ಆಮೇಲೆ. ಅಷ್ಟರಲ್ಲಿ ರಟ್ಟು ನುಜ್ಜುಗುಜ್ಜು.

“ಅದನ್ನೇನ್ ಎತ್ತಂತ ತಿಳದೀಯೇನೋ ತಮ್ಮಾ? ಹಿಂಗಾದ್ರ ಪರೀಕ್ಷೆಯೊಳಗ ಫೇಲ್ ಆಗ್ತಿ. ಗುಂಡಿ ಒತ್ತಪಾ!”

“ಒತ್ತತೇನ್ರಿ ಸರ. ಆದ್ರ ಓಡಾಕತ್ತಿದ್ದನ್ನ ಒಂದ್ ಮಾತೂ ಹೇಳ್ದ ನಿಲ್ಲಿಸೂದು ಚೊಲೋ ಅನಸಂಗಿಲ್ರಿ.”

೩. ಶಾಲು

ಪರೀಕ್ಷೆಗೆ ದೊಡ್ಡ ಸಾಹೇಬರು ಬಂದರು. ಪಾಸಾದವರಿಗಷ್ಟೇ ಕೆಲಸ. “ಇವತ್ತ ಬಾಯಿ ಬಿಟ್ಟರ ಸೀದಾ ಮನೀಗೆ” ಎಂದು ರೈತನನ್ನು ಹೆದರಿಸಿಟ್ಟಿದ್ದೆ. ನಿಜ ಹೇಳಬೇಕೆಂದರೆ ಅವನಿಗಿಂತ ನನಗೇ ಹೆಚ್ಚು ಹೆದರಿಕೆ. ಅಂಥ ಕೆಲಸಗಾರನನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಬಂದವರಿಗೆ ಶಾಲು ಹೊದಿಸದೆ ನಮ್ಮ ಕಡೆ ಮುಂದಿನ ಮಾತಿಲ್ಲ. ಹೊದಿಸಿದೆವು. ಸಾಹೇಬರು ಆ ಶಾಲಿನಲ್ಲೇ, ರೈತ ನಡೆಸುತ್ತಿದ್ದ ಮಷೀನಿನತ್ತ ಬಗ್ಗಿದರು. ಶಾಲಿನ ಚುಂಗು ತಿರುಗುವ ರೋಲರಿನ ಹತ್ತಿರ ಜೋತಾಡಿತು.

“ಹೋ... ಹೋ!” ರೈತ ಕೂಗಿದ. ಅದೇ ಉಸಿರಿನಲ್ಲಿ ಕೆಂಪು ಗುಂಡಿ ಗುದ್ದಿದ.

ಮಷೀನು ನಿಂತಿತು. ಸಾಹೇಬರೂ ಮುಂದಿಡಲು ಎತ್ತಿದ ಕಾಲನ್ನು ಮೇಲೆಯೇ ಹಿಡಿದು ಹಾಗೇ ನಿಂತುಬಿಟ್ಟರು.

“ತಪ್ಪಾತ್ರಿ ಸರ, ಬಾಯಿ ತಡೀಲಿಲ್ರಿ,” ಎಂದ ರೈತ ಮುಖ ಸಣ್ಣದು ಮಾಡಿಕೊಂಡು.

“ಮಷೀನ್ ಗುಂಡಿಗೆ ನಿಂತಿತು, ನಾ ನಿನ್ನ ದನಿಗೆ ನಿಂತೆ. ಎರಡೂ ಬೇಕಪ್ಪಾ. ನೀ ಪಾಸ್!” ಎಂದರು ಸಾಹೇಬರು. ಕಾಲು ಮಾತ್ರ ಇನ್ನೂ ಮೇಲೆಯೇ ಇತ್ತು. “ಇನ್ನ ನಡೀಬಹುದೇನು?”

ರೈತನ ಮುಖ ಅರಳಿತು. ನಾಲಿಗೆಯಲ್ಲಿ ‘ಟಕ್ ಟಕ್’ ಅಂದ.

ಸಾಹೇಬರು ನಡೆದರು.